ಚಾಕಿ ಕೇಂದ್ರಕ್ಕೊಂದು ವೆಬ್ ಅಪ್ಲಿಕೇಶನ್: ಪುಸ್ತಕ ಮೊದಲು, ಪರದೆ ಆಮೇಲೆ

ವೆಬ್ ಅಪ್ಲಿಕೇಶನ್ ಬೇಕು ಅಂತ ಬರುವವರು ಮೊದಲು ಮಾತಾಡುವುದು ಬಣ್ಣ, ಲೋಗೋ, ಡ್ಯಾಶ್‌ಬೋರ್ಡ್ ಬಗ್ಗೆ. ಕೇಳಿಸಿಕೊಳ್ಳಿ, ಬರೆದುಕೊಳ್ಳಿ, ಪಕ್ಕಕ್ಕಿಡಿ. ನಾನು ಶಿಡ್ಲಘಟ್ಟದಲ್ಲಿ ಕೂತು ಈ ಕೆಲಸ ಮಾಡುವವಳು. ಗಿರಾಕಿಗಳಲ್ಲಿ ಜಾಸ್ತಿ ಜನ ರೇಷ್ಮೆಯವರೇ. ಚಾಕಿ ಕೇಂದ್ರದವರು (ಎಳೆ ರೇಷ್ಮೆ ಹುಳ ಸಾಕಿ ರೈತರಿಗೆ ಕೊಡುವವರು), ರೀಲರ್‌ಗಳು (ಗೂಡಿನಿಂದ ನೂಲು ತೆಗೆಯುವವರು), ಹಿಪ್ಪುನೇರಳೆ ಸಸಿ ಮಾರುವವರು. ಇವರ ಕೆಲಸ ಮಾಡುತ್ತಾ ನನ್ನ ಕೈಗೆ ಕೂತ ವಿಧಾನವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಚಾಕಿ ಕೇಂದ್ರದ ಬುಕಿಂಗ್ ಅಪ್ಲಿಕೇಶನ್ ಇಟ್ಟುಕೊಳ್ಳೋಣ. ನೀವು ಕ್ಲಿನಿಕ್‌ಗೋ ಕಲ್ಯಾಣ ಮಂಟಪಕ್ಕೋ ಮಾಡುತ್ತಿದ್ದರೂ ದಾರಿ ಇದೇ.

ಎಲ್ಲಕ್ಕೂ ಮುಂಚೆ ಕೇಳಬೇಕಾದ್ದು ಇಷ್ಟು: ಈ ವ್ಯವಹಾರದಲ್ಲಿ ಏನು ಬದಲಾಗುತ್ತದೆ? ಯಾರು ಬದಲಾಯಿಸುತ್ತಾರೆ? ಬದಲಾದ ಮೇಲೆ ವಾಪಸ್ ತಗೊಳ್ಳಬಹುದಾ? ಇದಕ್ಕೆ ಉತ್ತರ ಗೊತ್ತಾದರೆ ಟೇಬಲ್ (ಮಾಹಿತಿ ಇಡುವ ಕೋಷ್ಟಕ), ಪರದೆ, ಬಟನ್ ಎಲ್ಲ ಅದರ ಹಿಂದೆ ಬರುತ್ತವೆ. ಗೊತ್ತಾಗದೆ ಶುರು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ, ಹೊರಗಿನ ಒಂದು ಕಂಪನಿ ಇಲ್ಲಿನವರೊಬ್ಬರಿಗೆ ಮಾಡಿಕೊಟ್ಟಿದ್ದ ಅಪ್ಲಿಕೇಶನ್ ನೋಡಬೇಕಿತ್ತು. ಮೂರು ಬಗೆಯ ಪೈ ಚಾರ್ಟ್ ಇತ್ತು. ಬುಕಿಂಗ್ ರದ್ದು ಮಾಡುವ ಬಟನ್ ಇರಲಿಲ್ಲ.

ಪುಸ್ತಕ ಓದುವುದು ಹೇಗೆ

ರೇಷ್ಮೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಚಾಕಿ ಕೇಂದ್ರದವರು ಬಿತ್ತನೆ ಕೋಠಿಯಿಂದ (ರೇಷ್ಮೆ ಮೊಟ್ಟೆ ತಯಾರಿಸುವ ಜಾಗ) ಮೊಟ್ಟೆ ತರುತ್ತಾರೆ. ಮರಿ ಆದ ದಿನ ಚಾಕಿ ಕಟ್ಟುತ್ತಾರೆ, ಅಂದರೆ ಮರಿಗಳನ್ನು ಸೊಪ್ಪಿನ ಮೇಲೆ ಬಿಡುತ್ತಾರೆ. ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ, ಬಿಸಿ ಮತ್ತು ತೇವ ನೋಡಿಕೊಂಡು ಒಂದು ವಾರಕ್ಕೂ ಸ್ವಲ್ಪ ಹೆಚ್ಚು ದಿನ ಸಾಕುತ್ತಾರೆ. ಎರಡನೇ ಜ್ವರ ಎದ್ದ ಹುಳವನ್ನು ರೈತರಿಗೆ ಕೊಡುತ್ತಾರೆ. ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತು, ಆಗ ಅದು ಸೊಪ್ಪು ಮುಟ್ಟುವುದಿಲ್ಲ. ಲೆಕ್ಕ ನಡೆಯುವುದು 'ನೂರು ಮೊಟ್ಟೆ' ಅನ್ನುವ ಅಳತೆಯಲ್ಲಿ. ಇದು ನೂರು ಚಿಟ್ಟೆ ಇಟ್ಟ ಮೊಟ್ಟೆ. ಒಂದೊಂದು ಚಿಟ್ಟೆಯದು ಸುಮಾರು 400ರಿಂದ 500 ಮರಿ ಆಗುತ್ತದೆ. ಅಂದರೆ ನೂರು ಮೊಟ್ಟೆ ತಗೊಂಡ ರೈತನ ಮನೆಗೆ 40,000ಕ್ಕೂ ಹೆಚ್ಚು ಬಾಯಿ ಬರುತ್ತವೆ. ಅವು ಕಾಯುವುದಿಲ್ಲ.

ಈಗ ಅವರ ಬುಕಿಂಗ್ ಪುಸ್ತಕ ಕೇಳಿ ತಗೊಳ್ಳಿ. 'ನಿಮಗೆ ಏನು ಬೇಕು' ಅಂತ ಸಂದರ್ಶನ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಮಾಲೀಕರು ಬಾಯಲ್ಲಿ ಹೇಳುವುದು ಎಲ್ಲ ಸರಿಯಾಗಿ ನಡೆದ ದಿನದ ಕಥೆ. ಸರಿಯಾಗಿ ನಡೆಯದ ದಿನಗಳು ಪುಸ್ತಕದಲ್ಲಿರುತ್ತವೆ. ನೀಟಾಗಿ ಬರೆದ ಸಾಲುಗಳನ್ನು ಬಿಟ್ಟು ಹೊಡೆದುಹಾಕಿದ ಸಾಲುಗಳನ್ನು ಓದಿ. ಅಂಚಿನಲ್ಲಿ ಗೀಚಿದ್ದನ್ನು ಓದಿ. ಒಂದು ಕಡೆ 'ಸೊಪ್ಪು ಇಲ್ಲ' ಅಂತ ಇರುತ್ತದೆ. ಒಂದು ಕಡೆ ಹೆಸರು ಹೊಡೆದು 'ತಮ್ಮನಿಗೆ' ಅಂತ ಬರೆದಿರುತ್ತಾರೆ. 100 ಇದ್ದದ್ದು 50 ಆಗಿ, ಇನ್ನೊಂದು 50 ಕೆಳಗಿನ ಸಾಲಿಗೆ ಹೋಗಿರುತ್ತದೆ. ಒಂದು ಬಾಣದ ಗುರುತು ಮುಂದಿನ ಬ್ಯಾಚಿಗೆ ಓಡಿರುತ್ತದೆ. ಇವು ಕ್ರಮವಾಗಿ ರದ್ದು, ವರ್ಗಾವಣೆ, ಪಾಲು ಮಾಡುವುದು, ಮುಂದಕ್ಕೆ ಹಾಕುವುದು. ನಾಲ್ಕೂ ನಿಮ್ಮ ಅಪ್ಲಿಕೇಶನ್‌ನಲ್ಲಿ ಇರಲೇಬೇಕು. ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ, ಅಷ್ಟೇ.

ಓದಿದ ಮೇಲೆ ಒಂದು ದೊಡ್ಡ ಹಾಳೆ ತಗೊಂಡು ಬುಕಿಂಗ್ ಯಾವ ಯಾವ ಸ್ಥಿತಿಯಲ್ಲಿ ಇರಬಹುದು ಅಂತ ಬರೆಯಿರಿ. ಕೇಳಿದ್ದಾರೆ, ಖಾತ್ರಿ ಆಗಿದೆ, ಕಾಯುವ ಪಟ್ಟಿಯಲ್ಲಿದೆ, ಕೊಟ್ಟಾಯಿತು, ರದ್ದಾಯಿತು. ಒಂದರಿಂದ ಇನ್ನೊಂದಕ್ಕೆ ಬಾಣ ಎಳೆಯಿರಿ. ಪ್ರತಿ ಬಾಣದ ಮೇಲೆ ಬರೆಯಿರಿ: ಯಾರು ಮಾಡಬಹುದು, ಯಾವಾಗಿನ ತನಕ ಮಾಡಬಹುದು, ದುಡ್ಡಿಗೆ ಏನಾಗುತ್ತದೆ.

ರದ್ದು ಅನ್ನುವ ಬಾಣದ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಮೊಟ್ಟೆ ತರಿಸುವ ಮುಂಚೆ ರೈತ ಬೇಡ ಅಂದರೆ ಯಾರಿಗೂ ನಷ್ಟ ಇಲ್ಲ. ಮೊಟ್ಟೆ ಬಂದ ಮೇಲೆ ಬೇಡ ಅಂದರೆ ಬೇರೆಯವರನ್ನು ಹುಡುಕಬೇಕು, ಆದರೆ ಹುಡುಕಲು ಕೆಲವು ದಿನ ಇದೆ. ಚಾಕಿ ಕಟ್ಟಿದ ಮೇಲೆ ಬೇಡ ಅಂದರೆ ಹುಳ ದಿನಾ ಸೊಪ್ಪು ತಿನ್ನುತ್ತಿದೆ, ಎರಡನೇ ಜ್ವರ ಎದ್ದ ಕೂಡಲೇ ಯಾರದೋ ಮನೆಗೆ ಹೋಗಲೇಬೇಕು. ಹೆಸರು ಒಂದೇ, ಕೆಲಸ ಮೂರು. ಹಾಗಾಗಿ ಅಪ್ಲಿಕೇಶನ್ ಮೊದಲು ಬ್ಯಾಚ್ ಯಾವ ಹಂತದಲ್ಲಿದೆ ಅಂತ ನೋಡಬೇಕು. ಮೊದಲ ಹಂತದಲ್ಲಿ ಸುಮ್ನೆ ರದ್ದು ಮಾಡಿ ಮುಂಗಡ ವಾಪಸ್ ಅಂತ ಬರೆದುಕೊಳ್ಳಬೇಕು. ಎರಡನೆಯದರಲ್ಲಿ ಕಾಯುವ ಪಟ್ಟಿಯಲ್ಲಿರುವವರ ಹೆಸರು ತೋರಿಸಬೇಕು. ಮೂರನೆಯದರಲ್ಲಿ ರೈತರ ಫೋನಿನಲ್ಲಿ ಆ ಬಟನ್ನೇ ಇರಬಾರದು, 'ಕೇಂದ್ರಕ್ಕೆ ಫೋನ್ ಮಾಡಿ' ಅಂತ ಇರಬೇಕು. ಕೆಲವು ವಿಷಯ ಮನುಷ್ಯರು ಮಾತಾಡಿಯೇ ಬಗೆಹರಿಸಬೇಕು. ಅಲ್ಲಿ ಸಾಫ್ಟ್‌ವೇರ್ ಮೂಗು ತೂರಿಸಬಾರದು.

ಈ ಹಾಳೆಯನ್ನು ಮಾಲೀಕರಿಗೆ ತೋರಿಸಿ ಬೆರಳಿಟ್ಟು ಓದಿ ಹೇಳಿ. 'ಇಲ್ಲ ಮೇಡಂ, ಹಾಗಲ್ಲ' ಅನ್ನುವ ಮಾತು ಇಲ್ಲೇ ಬರಬೇಕು. ಪೆನ್ಸಿಲ್ಲಿನಲ್ಲಿ ತಿದ್ದುವುದು ಪುಕ್ಕಟೆ.

ಟೇಬಲ್‌ಗಳು

ರೈತ, ಬ್ಯಾಚ್, ಬುಕಿಂಗ್, ದುಡ್ಡು, ಘಟನೆ. ಐದು ಟೇಬಲ್‌ನಲ್ಲಿ ಬಹುತೇಕ ಮುಗಿಯುತ್ತದೆ. ದ್ವಿತಳಿ, ಮಿಶ್ರತಳಿ ಅಂತ ಹುಳದಲ್ಲಿ ಎರಡು ತಳಿ, ಎರಡಕ್ಕೂ ಬ್ಯಾಚ್ ಬೇರೆ ಬೇರೆ, ಅಷ್ಟು ನೆನಪಿಟ್ಟರೆ ಸಾಕು. ಡೇಟಾಬೇಸ್ ಪೋಸ್ಟ್‌ಗ್ರೆಸ್ ಆಗಲಿ, ಮೈಎಸ್‌ಕ್ಯೂಎಲ್ ಆಗಲಿ, ನಿಮಗೆ ಕೈ ಕೂತಿರುವುದನ್ನು ತಗೊಳ್ಳಿ.

ರೈತರನ್ನು ಗುರುತಿಸಲು ಫೋನ್ ನಂಬರ್ ನಂಬಬೇಡಿ. ಒಂದು ಮನೆಯಲ್ಲಿ ಅಪ್ಪ ಮಗ ಇಬ್ಬರೂ ಬೇರೆ ಬೇರೆ ಹುಳ ಸಾಕುತ್ತಾರೆ, ನಂಬರ್ ಮಗನದೊಂದೇ. ಹೆಸರನ್ನಂತೂ ನಂಬಲೇಬೇಡಿ. ನಮ್ಮ ಕಡೆ ನಾರಾಯಣಸ್ವಾಮಿ, ಮುನಿಯಪ್ಪ, ವೆಂಕಟೇಶಪ್ಪ ಅನ್ನುವ ಹೆಸರಿಲ್ಲದ ಊರು ಹುಡುಕಬೇಕು. ಡೇಟಾಬೇಸ್ ತಾನೇ ಕೊಡುವ ಒಂದು ಸಂಖ್ಯೆ ಇರಲಿ. ಹೆಸರು, ತಂದೆ ಹೆಸರು, ಊರು ಬೇರೆ ಬೇರೆ ಕಾಲಂ. ಫೋನ್ ನಂಬರ್‌ಗೆ ಪ್ರತ್ಯೇಕ ಟೇಬಲ್. ಒಬ್ಬರಿಗೆ ಎರಡು ನಂಬರ್, ಇಬ್ಬರಿಗೆ ಒಂದು ನಂಬರ್, ಎರಡೂ ನಡೆಯಬೇಕು.

ದುಡ್ಡನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. ದಶಮಾಂಶದ ಫ್ಲೋಟ್ ಬೇಡ. ಯಾವುದೇ ಬ್ರೌಸರ್‌ನ ಕನ್ಸೋಲ್‌ನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ.

ತಾರೀಖಿನ ವಿಷಯ ಇನ್ನೂ ಸೂಕ್ಷ್ಮ. ರೈತರು ಬ್ರೌಸರ್‌ನಲ್ಲಿ ಜೂನ್ 10 ಆರಿಸುತ್ತಾರೆ. ಎಷ್ಟೋ ಕ್ಯಾಲೆಂಡರ್ ಲೈಬ್ರರಿಗಳು ಅದನ್ನು ನಮ್ಮ ಊರಿನ ಜೂನ್ 10ರ ಮಧ್ಯರಾತ್ರಿ ಅಂತ ಹಿಡಿಯುತ್ತವೆ. ಜಾವಾಸ್ಕ್ರಿಪ್ಟ್‌ನ 'ಟು ಐಎಸ್ಒ ಸ್ಟ್ರಿಂಗ್' (ತಾರೀಖನ್ನು ಅಕ್ಷರ ಮಾಡುವ ಆದೇಶ) ಕರೆದ ಕೂಡಲೇ ಅದು ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಗಡಿಯಾರದ ಸಮಯಕ್ಕೆ) ತಿರುಗುತ್ತದೆ. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಅದು ಜೂನ್ 9ರ 18:30 ಆಗುತ್ತದೆ. ಅದರ ಮೊದಲ ಹತ್ತು ಅಕ್ಷರ ಕತ್ತರಿಸಿ ಉಳಿಸಿದರೆ ರೈತರ ಹೆಸರಿನ ಮುಂದೆ ಒಂದು ದಿನ ಹಿಂದಿನ ತಾರೀಖು ಕೂರುತ್ತದೆ. ಅಮೆರಿಕದಲ್ಲಿ ಕೂತು ಪರೀಕ್ಷೆ ಮಾಡಿದವರಿಗೆ ಇದು ಕಾಣುವುದೇ ಇಲ್ಲ, ಅವರು ಯುಟಿಸಿಗಿಂತ ಹಿಂದಿದ್ದಾರಲ್ಲ. ಹುಳ ಕೊಡುವ ದಿನಕ್ಕೆ ಗಂಟೆ ನಿಮಿಷ ಬೇಕಿಲ್ಲ. ಅದನ್ನು ಬರೀ 'ಡೇಟ್' ಕಾಲಂನಲ್ಲಿ, ವರ್ಷ-ತಿಂಗಳು-ದಿನ ಅಕ್ಷರವಾಗಿಯೇ ಕಳಿಸಿ ಉಳಿಸಿ. ದುಡ್ಡು ಯಾವ ಕ್ಷಣ ಬಂತು ಅನ್ನುವಂಥದ್ದಕ್ಕೆ ಮಾತ್ರ ಯುಟಿಸಿ ಸಮಯ.

ಇನ್ನೂ ಒಂದು. ಚಾಕಿ ಕೋಣೆಗೆ ಕೈಕಾಲು ತೊಳೆದು ಒಳಗೆ ಹೋಗಬೇಕು, ಫೋನ್ ಹೊರಗೇ ಇರುತ್ತದೆ. ಬೆಳಿಗ್ಗೆ ಆರಕ್ಕೆ ಆದದ್ದನ್ನು ಹತ್ತಕ್ಕೆ ಬಂದು ಬರೆಯುತ್ತಾರೆ. ಆದ ಸಮಯ ಒಂದು ಕಾಲಂ, ಬರೆದ ಸಮಯ ಇನ್ನೊಂದು. ಮೊದಲನೆಯದನ್ನು ಮನುಷ್ಯರು ತುಂಬಲಿ, ಎರಡನೆಯದನ್ನು ಸರ್ವರ್ ತಾನೇ ಹಾಕಲಿ. ಅದೇ ರೀತಿ ಹುಳ ಕೊಡುವ ದಿನಕ್ಕೂ ಅಂದಾಜು, ಖಚಿತ ಅಂತ ಎರಡು ಕಾಲಂ ಬೇಕು. ಚಳಿ ಬಿದ್ದರೆ ಹುಳ ನಿಧಾನ ಬೆಳೆಯುತ್ತದೆ, ಜ್ವರ ಹಿಂದೆ ಮುಂದೆ ಆಗುತ್ತದೆ.

ಯಾವುದನ್ನೂ ಅಳಿಸಬೇಡಿ. ರದ್ದಾದ ಬುಕಿಂಗ್ ರದ್ದು ಅಂತ ಇರಲಿ. ಯಾರು, ಯಾವಾಗ, ಏನನ್ನು ಏನಕ್ಕೆ ಬದಲಾಯಿಸಿದರು ಅನ್ನುವುದು ಘಟನೆ ಟೇಬಲ್‌ಗೆ ಹೋಗಲಿ. ಪುಸ್ತಕದಲ್ಲಿ ಹೊಡೆದುಹಾಕಿದ ಸಾಲು ಓದಲು ಸಿಗುತ್ತಿತ್ತು ಅಲ್ವಾ? ಆ ಸೌಕರ್ಯ ಕಂಪ್ಯೂಟರ್‌ಗೆ ಬಂದ ಮೇಲೆ ಹೋಗಬಾರದು.

ಕೊನೆಯ ನೂರು ಮೊಟ್ಟೆ

ಇದು ನನಗೆ ಇಷ್ಟದ ಭಾಗ. ಒಂದು ಬ್ಯಾಚ್‌ನಲ್ಲಿ ನೂರು ಮೊಟ್ಟೆ ಮಾತ್ರ ಉಳಿದಿದೆ. ಮಳ್ಳೂರಿನಿಂದ ಒಬ್ಬರು, ಮೇಲೂರಿನಿಂದ ಒಬ್ಬರು ಒಂದೇ ಹೊತ್ತಿಗೆ ಬಟನ್ ಒತ್ತುತ್ತಾರೆ. ನಿಮ್ಮ ಕೋಡ್ ಮೊದಲು 'ಎಷ್ಟು ಉಳಿದಿದೆ' ಅಂತ ಓದುತ್ತದೆ, ನೂರು ಇದೆ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಸೊನ್ನೆ ಅಂತ ಬರೆಯುತ್ತದೆ. ಇಬ್ಬರ ಕೋರಿಕೆಯೂ ನೂರು ಅಂತಲೇ ಓದಿರುತ್ತದೆ. ಇಬ್ಬರಿಗೂ 'ಖಾತ್ರಿ' ಅಂತ ಮೆಸೇಜ್ ಹೋಗುತ್ತದೆ. ಹುಳ ಕೊಡುವ ದಿನ ಇಬ್ಬರೂ ಗಾಡಿ ತಗೊಂಡು ಬರುತ್ತಾರೆ.

ಓದುವುದು, ಬರೆಯುವುದು ಬೇರೆ ಬೇರೆ ಹೆಜ್ಜೆ ಆಗಿರುವುದೇ ಇಲ್ಲಿನ ತೊಂದರೆ. ಎರಡನ್ನೂ ಒಂದೇ ಆದೇಶಕ್ಕೆ ಸೇರಿಸಿ. ಡೇಟಾಬೇಸ್‌ಗೆ ಹೀಗೆ ಹೇಳಿ: 'ಈ ಬ್ಯಾಚ್‌ನಲ್ಲಿ ಉಳಿದದ್ದು ನೂರು ಅಥವಾ ಹೆಚ್ಚಿದ್ದರೆ ಮಾತ್ರ ನೂರು ಕಳೆ.' ಇದು ಷರತ್ತು ಸೇರಿಸಿದ ಒಂದೇ ಅಪ್‌ಡೇಟ್. ಆಮೇಲೆ ಎಷ್ಟು ಸಾಲು ಬದಲಾಯಿತು ಅಂತ ಕೇಳಿ. ಒಂದು ಅಂದರೆ ಸಿಕ್ಕಿತು. ಸೊನ್ನೆ ಅಂದರೆ ಇನ್ನೊಬ್ಬರು ತಗೊಂಡಾಯಿತು, ಕಾಯುವ ಪಟ್ಟಿಗೆ ಕಳಿಸಿ. ಈ ಅಪ್‌ಡೇಟ್ ಮತ್ತು ಬುಕಿಂಗ್ ಸಾಲು ಸೇರಿಸುವುದು ಒಂದೇ ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗುವ, ಇಲ್ಲದಿದ್ದರೆ ಯಾವುದೂ ಆಗದ ಕೆಲಸಗಳ ಕಟ್ಟು) ಒಳಗಿರಬೇಕು. ಇಲ್ಲದಿದ್ದರೆ ನಡುವೆ ಸರ್ವರ್ ಬಿದ್ದರೆ ಮೊಟ್ಟೆ ಕಳೆದಿರುತ್ತದೆ, ಬುಕಿಂಗ್ ಇರುವುದಿಲ್ಲ. ಅದರ ಜೊತೆಗೆ ಉಳಿದದ್ದು ಸೊನ್ನೆಗಿಂತ ಕಡಿಮೆ ಆಗಬಾರದು ಅಂತ ಡೇಟಾಬೇಸ್‌ನಲ್ಲೇ ಒಂದು ನಿರ್ಬಂಧ ಹಾಕಿ. ಮುಂದೆ ಇನ್ಯಾರೋ ಬಂದು ಕೋಡ್ ಬದಲಾಯಿಸಿದರೂ ಅದು ಕಾಯುತ್ತದೆ.

ಇನ್ನೊಂದು ಬಗೆ: ಒಬ್ಬರೇ ಎರಡು ಸಲ ಒತ್ತುವುದು. ತೋಟದಲ್ಲಿ ಸಿಗ್ನಲ್ ಒಂದೇ ಕಡ್ಡಿ. ಒತ್ತಿದರು, ಸುತ್ತುತ್ತಲೇ ಇದೆ, ಮತ್ತೆ ಒತ್ತಿದರು. ಮೊದಲನೆಯದು ಸರ್ವರ್ ತಲುಪಿತ್ತು, ಉತ್ತರ ಮಾತ್ರ ವಾಪಸ್ ಬಂದಿರಲಿಲ್ಲ. ಈಗ ಇನ್ನೂರು ಮೊಟ್ಟೆ ಬುಕ್ ಆಗಿದೆ. ಒತ್ತಿದ ಮೇಲೆ ಬಟನ್ ಬೂದು ಬಣ್ಣ ಮಾಡುವುದು ಒಳ್ಳೆಯದೇ, ಆದರೆ ಪುಟ ಮತ್ತೆ ಲೋಡ್ ಮಾಡಿದರೆ ಆ ಬಟನ್ ಮತ್ತೆ ಜೀವ ತಳೆಯುತ್ತದೆ. ಗಟ್ಟಿ ದಾರಿ ಇದು: ಫಾರ್ಮ್ ತೆರೆದಾಗಲೇ ಅದರೊಳಗೆ ಬೇರೆ ಯಾವುದಕ್ಕೂ ಇಲ್ಲದ ಒಂದು ಗುರುತಿನ ಸಂಖ್ಯೆ ಇಡಿ. ಬುಕಿಂಗ್ ಟೇಬಲ್‌ನಲ್ಲಿ ಆ ಕಾಲಂಗೆ ಯುನೀಕ್ ನಿರ್ಬಂಧ (ಒಂದೇ ಸಂಖ್ಯೆ ಎರಡು ಸಾಲಿನಲ್ಲಿ ಇರಬಾರದು ಅನ್ನುವುದು) ಹಾಕಿ. ಅದೇ ಸಂಖ್ಯೆ ಎರಡನೇ ಸಲ ಬಂದರೆ ಬೈಯುವ ಸಂದೇಶ ಬೇಡ. ಮೊದಲ ಸಲದ ಉತ್ತರವನ್ನೇ ಮತ್ತೆ ತೋರಿಸಿ. ಉಳಿಸಿದ ಮೇಲೆ ಬೇರೆ ಪುಟಕ್ಕೆ ರೀಡೈರೆಕ್ಟ್ ಮಾಡಿದರೆ, ಆ ಪುಟವನ್ನು ರಿಫ್ರೆಶ್ ಮಾಡಿದಾಗ ಫಾರ್ಮ್ ಮತ್ತೆ ಹೋಗುವುದೂ ತಪ್ಪುತ್ತದೆ.

ಏನನ್ನಾದರೂ ಬದಲಾಯಿಸುವ ಕೆಲಸ ಯಾವತ್ತೂ ಗೆಟ್ ಕೋರಿಕೆಯಲ್ಲಿ (ಲಿಂಕ್ ತೆರೆದಾಗ ಹೋಗುವಂಥದ್ದು) ಇರಬಾರದು, ಪೋಸ್ಟ್‌ನಲ್ಲಿ (ಫಾರ್ಮ್ ಬಟನ್ ಒತ್ತಿದಾಗ ಹೋಗುವಂಥದ್ದು) ಇರಲಿ. 'ಖಾತ್ರಿ ಮಾಡಲು ಈ ಲಿಂಕ್ ಒತ್ತಿ' ಅಂತ ಕಳಿಸುತ್ತೀರಿ. ಮುನ್ನೋಟ ತೋರಿಸಲು ಕೆಲವು ಮೆಸೇಜಿಂಗ್ ಆ್ಯಪ್‌ಗಳು ಲಿಂಕನ್ನು ತಾವೇ ತೆರೆದು ನೋಡುತ್ತವೆ. ರೈತರು ಒತ್ತುವ ಮುಂಚೆಯೇ ಖಾತ್ರಿ ಆಗಿಬಿಡುತ್ತದೆ. ಲಿಂಕ್ ಒಂದು ಪುಟ ತೋರಿಸಲಿ, ಆ ಪುಟದೊಳಗಿನ ಬಟನ್ ಕೆಲಸ ಮಾಡಲಿ.

ಇದನ್ನು ಪರೀಕ್ಷಿಸದೆ ಬಿಡಬೇಡಿ. ನೂರು ಉಳಿದಿರುವ ಬ್ಯಾಚಿಗೆ ಒಂದೇ ಹೊತ್ತಿಗೆ ಇಪ್ಪತ್ತು ಕೋರಿಕೆ ಕಳಿಸುವ ಸಣ್ಣ ಸ್ಕ್ರಿಪ್ಟ್ ಬರೆಯಿರಿ. ಓಡಿಸಿ ಎಣಿಸಿ. ಖಾತ್ರಿ ಆದ ಬುಕಿಂಗ್ ಒಂದೇ ಇರಬೇಕು. ಈ ಸ್ಕ್ರಿಪ್ಟನ್ನು ಕೋಡ್ ಜೊತೆಗೇ ಗಿಟ್‌ನಲ್ಲಿ (ಕೋಡ್‌ನ ಬದಲಾವಣೆ ದಾಖಲಿಸುವ ಸಾಧನ) ಇಟ್ಟು, ಪ್ರತಿ ಬದಲಾವಣೆಗೂ ತಾನಾಗಿ ಓಡುವಂತೆ ಮಾಡಿ.

ಈಗ ಪರದೆ

ಇಷ್ಟಾದ ಮೇಲೆ ಪರದೆ ಬಿಡಿಸಿ, ಅದೂ ಕಾಗದದ ಮೇಲೆ. ಮೊದಲ ಪರದೆಯಲ್ಲಿ ಮಾಲೀಕರು ಬೆಳಿಗ್ಗೆ ಎದ್ದು ಕೇಳುವ ಪ್ರಶ್ನೆಗೆ ಉತ್ತರ ಇರಬೇಕು: ಇವತ್ತು ಯಾರಿಗೆ ಎಷ್ಟು ಕೊಡಬೇಕು, ಯಾರ ದುಡ್ಡು ಬಾಕಿ. ಕಾಗದದ ಪರದೆಯನ್ನು ಅಲ್ಲಿ ಲೆಕ್ಕ ಬರೆಯುವವರ ಮುಂದಿಟ್ಟು 'ಇವರ ಬುಕಿಂಗ್ ಮುಂದಕ್ಕೆ ಹಾಕಿ' ಅನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡು ಕೂತಿರಿ. ಬೆರಳು ಎಲ್ಲಿ ತಡವರಿಸುತ್ತದೆ ಅಂತ ನೋಡಿ. ವಿವರಿಸಲು ಮನಸ್ಸು ತುಡಿಯುತ್ತದೆ, ವಿವರಿಸಬೇಡಿ.

ಇಂಥ ಕೆಲಸಕ್ಕೆ ಸರ್ವರ್‌ನಲ್ಲೇ ತಯಾರಾಗುವ ಎಚ್‌ಟಿಎಂಎಲ್ ಪುಟ ಸಾಕು ಅನ್ನುವುದು ನನ್ನ ಅಭಿಪ್ರಾಯ. ಇಂಥ ಪುಟ ಕಟ್ಟುವ ಫ್ರೇಮ್‌ವರ್ಕ್‌ಗಳಾದ ಜಾಂಗೋ, ಲಾರಾವೆಲ್, ರೈಲ್ಸ್ ಯಾವುದಾದರೂ ಆದೀತು. ಪೂರ್ತಿ ಬ್ರೌಸರ್‌ನಲ್ಲೇ ಓಡುವ ದೊಡ್ಡ ಜಾವಾಸ್ಕ್ರಿಪ್ಟ್ ಅಪ್ಲಿಕೇಶನ್ ಕಟ್ಟಿದರೆ ಹಳೆಯ ಆಂಡ್ರಾಯ್ಡ್ ಫೋನ್ ತೆರೆಯಲು ಒದ್ದಾಡುತ್ತದೆ.

ಕನ್ನಡಕ್ಕೆ ಬೇಕಾದ ಕೆಲವು ಜಾಗ್ರತೆ ಇವೆ. ಇಂಗ್ಲಿಷ್‌ಗೆ ಹೊಂದಿಸಿದ ಸಾಲಿನ ಎತ್ತರ ಹಾಗೇ ಬಿಟ್ಟರೆ ಒತ್ತಕ್ಷರದ ಬಾಲ ಕತ್ತರಿಸಿ ಹೋಗುತ್ತದೆ. ಅಕ್ಷರದ ಅಳತೆಯ 1.6 ಪಟ್ಟಿನ ಆಸುಪಾಸು ಇಟ್ಟು, ಬಟನ್ ಒಳಗಿನ ಅಕ್ಷರವನ್ನೂ ಫೋನಿನಲ್ಲೇ ನೋಡಿ. ಅಂಕಿ ತುಂಬುವ ಕಡೆ ೧೦೦ ಅಂತ ಟೈಪ್ ಮಾಡಿದರೂ 100 ಅಂತ ಒಪ್ಪಿಕೊಳ್ಳಲಿ. ಹುಡುಕಾಟದಲ್ಲಿ ಇನ್ನೊಂದು ಕಿತಾಪತಿ ಇದೆ. 'ದೊಡ್ಡ' ಅಂತ ಶುರುವಾಗುವ ಊರುಗಳು ಈ ಕಡೆ ಬೇಕಾದಷ್ಟಿವೆ. ಆ 'ದೊ'ದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಎರಡನ್ನು ಒಂದರ ಪಕ್ಕ ಒಂದು ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಉಳಿಸುವ ಮುಂಚೆ, ಹುಡುಕುವ ಮುಂಚೆ ಎರಡೂ ಕಡೆ ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಯನ್ನು ಒಂದೇ ಸಂಕೇತ ಮಾಡುವ ಯುನಿಕೋಡ್ ರೂಪ) ತಂದರೆ ತೊಂದರೆ ಮುಗಿಯಿತು.

ಎಸ್‌ಎಂಎಸ್ ಕಳಿಸುವುದಾದರೆ ಖರ್ಚು ಮೊದಲೇ ಲೆಕ್ಕ ಹಾಕಿ. ಇಂಗ್ಲಿಷ್ ಸಂದೇಶ ಒಂದಕ್ಕೆ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ 70 ಮಾತ್ರ. ಅದೂ ಸ್ವರಚಿಹ್ನೆ, ಹಲಂತ ಎಲ್ಲ ಬಿಡಿಬಿಡಿಯಾಗಿ ಎಣಿಕೆಯಾಗುತ್ತವೆ. 'ಶಿಡ್ಲಘಟ್ಟ' ನಮಗೆ ನಾಲ್ಕು ಅಕ್ಷರ, ಅಲ್ಲಿ 9. 70 ದಾಟಿದರೆ ಸಂದೇಶ ತುಂಡಾಗಿ ಒಂದೊಂದು ತುಂಡಿಗೆ 67 ಹಿಡಿಯುತ್ತದೆ, ಪ್ರತಿ ತುಂಡಿಗೂ ದುಡ್ಡು. ಜೊತೆಗೆ ನಮ್ಮ ದೇಶದಲ್ಲಿ ವ್ಯವಹಾರದ ಎಸ್‌ಎಂಎಸ್‌ಗೆ ಕಳಿಸುವವರ ಹೆಸರು ಮತ್ತು ಸಂದೇಶದ ನಮೂನೆಯನ್ನು ಡಿಎಲ್‌ಟಿ ಅನ್ನುವ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಮುಂಚೆಯೇ ನೋಂದಾಯಿಸಬೇಕು. ಇದನ್ನು ಕೊನೇ ವಾರಕ್ಕೆ ಇಟ್ಟುಕೊಂಡರೆ ಎಲ್ಲ ತಯಾರಾಗಿ ಎಸ್‌ಎಂಎಸ್ ಒಂದಕ್ಕೇ ಕಾಯುತ್ತಾ ಕೂರಬೇಕಾಗುತ್ತದೆ.

ಬೀಗ, ಬ್ಯಾಕಪ್, ಶುರು

ಬುಕಿಂಗ್ ಪುಟದ ವಿಳಾಸದ ಕೊನೆಯಲ್ಲಿ 57 ಇದೆ ಅನ್ನಿ. ಅದನ್ನು 58 ಮಾಡಿ ನೋಡಿ. ಪಕ್ಕದ ಮನೆಯವರ ಬಾಕಿ ಕಂಡರೆ ಅಪ್ಲಿಕೇಶನ್‌ಗೆ ಬೀಗವೇ ಇಲ್ಲ ಅಂತ ಅರ್ಥ. ಲಾಗಿನ್ ಆಗಿದ್ದಾರಾ ಅಂತ ನೋಡಿದರೆ ಸಾಲದು, ಈ ಸಾಲು ಇವರದ್ದೇನಾ ಅಂತ ಪ್ರತಿ ಕೋರಿಕೆಗೂ ಸರ್ವರ್‌ನಲ್ಲೇ ನೋಡಬೇಕು. ವೆಬ್ ಭದ್ರತೆಯ ದೊಡ್ಡ ದೋಷಗಳನ್ನು ಹೇಳುವ 2021ರ ಓವಾಸ್ಪ್ ಟಾಪ್ ಟೆನ್ ಪಟ್ಟಿಯಲ್ಲಿ ಮೊದಲನೇ ಸ್ಥಾನದಲ್ಲಿದ್ದದ್ದು ಈ ಜಾತಿಯ ದೋಷವೇ. ಆಧಾರ್ ನಂಬರ್ ಕೇಳಬೇಡಿ. ಹುಳ ಕೊಡಲು ಅದು ಬೇಕಿಲ್ಲ. ಸುಮ್ನೆ ಇಟ್ಟುಕೊಂಡರೆ 2023ರ ಡೇಟಾ ಸಂರಕ್ಷಣಾ ಕಾಯ್ದೆಯ ಜವಾಬ್ದಾರಿ ಇನ್ನಷ್ಟು ತಲೆಗೆ ಬರುತ್ತದೆ, ಅಷ್ಟೇ.

ಬ್ಯಾಕಪ್ ದಿನಾ ರಾತ್ರಿ ತಾನಾಗಿ ಆಗಲಿ, ಬೇರೆ ಕಂಪ್ಯೂಟರ್‌ಗೆ ಹೋಗಲಿ. ಖಾಲಿ ಡೇಟಾಬೇಸ್‌ಗೆ ಅದನ್ನು ವಾಪಸ್ ತುಂಬಿ, ನಿನ್ನೆಯ ಬುಕಿಂಗ್ ಕಾಣುತ್ತದಾ ಅಂತ ನೋಡುವ ತನಕ ಬ್ಯಾಕಪ್ ಇದೆ ಅಂತ ಯಾರಿಗೂ ಹೇಳಬೇಡಿ.

ಶುರು ಮಾಡುವಾಗ ಪುಸ್ತಕ ನಿಲ್ಲಿಸಬೇಡಿ. ಒಂದು ಬ್ಯಾಚ್ ಮೊಟ್ಟೆಯಿಂದ ಹಿಡಿದು ಹುಳ ಹೋಗುವ ತನಕ ಎರಡರಲ್ಲೂ ಬರೆಯಲಿ. ದಿನಾ ಸಂಜೆ ಎರಡನ್ನೂ ಹೋಲಿಸಿ. ವ್ಯತ್ಯಾಸ ಬಂದ ಕಡೆ ನಿಮ್ಮ ಬಾಣದ ಹಾಳೆಗೆ ಹೋಗಿ ಯಾವ ಬಾಣ ಬಿಟ್ಟುಹೋಗಿದೆ ಅಂತ ಹುಡುಕಿ. ಹಳೆಯ ಪುಸ್ತಕಗಳನ್ನೆಲ್ಲ ಟೈಪ್ ಮಾಡಿಸಲು ಹೋಗಬೇಡಿ. ಇನ್ನೂ ಕೊಡಬೇಕಾದ ಬುಕಿಂಗ್, ಬರಬೇಕಾದ ಬಾಕಿ, ಇಷ್ಟನ್ನು ಮಾತ್ರ ಒಳಗೆ ಹಾಕಿ. ಮಿಕ್ಕಿದ್ದನ್ನು ಫೋಟೋ ತೆಗೆದಿಟ್ಟು, ಪುಸ್ತಕಗಳನ್ನು ಬೀರುವಿನಲ್ಲೇ ಬಿಡಿ.